ಇಸುಬಿಗೆ ಯಾವ ಸೋಪು, ಯಾವ ಕ್ರೀಮು, ಯಾವ ಟ್ಯೂಬು?

ಇಸುಬು (ಎಕ್ಸಿಮಾ) ಇರುವ ಮಗುವಿನ ಮನೆಯ ಬಾತ್‌ರೂಮ್ ಕಪಾಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟು: ದುಬಾರಿ ಬೇಬಿ ಲೋಷನ್ನಿನ ಪುಟ್ಟ ಬಾಟಲಿ, ಗುಲಾಬಿ ಬಣ್ಣದ ಕ್ಯಾಲಮೈನ್, ಬೇವು-ಅರಿಶಿನದ ಸೋಪು, ಮೆಡಿಕಲ್ ಶಾಪಿನಲ್ಲಿ ‘ಇದನ್ನ ಹಚ್ಚಿ ನೋಡಿ’ ಎಂದು ಕೊಟ್ಟ ಒಂದು ಟ್ಯೂಬು. ನಾಲ್ಕಕ್ಕೂ ದುಡ್ಡು ಹೋಗಿದೆ, ತುರಿಕೆ ಹಾಗೇ ಇದೆ. ಇಲ್ಲಿ ತಪ್ಪಿರುವುದು ಬ್ರ್ಯಾಂಡ್ ಅಲ್ಲ, ಅಳತೆ. ಧಾರಾಳವಾಗಿ ಹಚ್ಚಬೇಕಾದ ಮಾಯಿಶ್ಚರೈಸರನ್ನು ಕುಂಕುಮ ಇಟ್ಟಂತೆ ಹಚ್ಚಿರುತ್ತಾರೆ. ಲೆಕ್ಕ ಹಾಕಿ ಹಚ್ಚಬೇಕಾದ ಸ್ಟೀರಾಯ್ಡ್ ಟ್ಯೂಬನ್ನು ಎಣ್ಣೆಯಂತೆ ಬಳಿದಿರುತ್ತಾರೆ.

ಇಸುಬು ಬರುವ ಚರ್ಮ ಹೆಂಚು ಸರಿದ ಮಾಡಿನ ಹಾಗೆ. ಒಳಗಿನ ತೇವ ಆರಿ ಹೋಗುತ್ತದೆ. ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ನುಸುಳುತ್ತವೆ. ಹಲವರಲ್ಲಿ ಇದು ಹುಟ್ಟಿನಿಂದಲೇ ಬಂದದ್ದು. ಚರ್ಮದ ಮೇಲ್ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಗೊತ್ತಾಯಿತು. ಮಾಯಿಶ್ಚರೈಸರ್ ಹೆಂಚು ಸರಿಪಡಿಸುತ್ತದೆ, ಸ್ಟೀರಾಯ್ಡ್ ಒಳಗೆ ಹೊತ್ತಿದ ಉರಿಯೂತ ಆರಿಸುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಆದ್ದರಿಂದ ‘ಸ್ಟೀರಾಯ್ಡ್ ಬೇಡ, ಬರೀ ಮಾಯಿಶ್ಚರೈಸರ್ ಸಾಕು’ ಎಂಬುದೂ ಸರಿಯಲ್ಲ, ‘ಟ್ಯೂಬು ಹಚ್ಚಿದೆವಲ್ಲ, ಮಾಯಿಶ್ಚರೈಸರ್ ಯಾಕೆ’ ಎಂಬುದೂ ಸರಿಯಲ್ಲ.

ಮೊದಲು, ಇದು ಇಸುಬೇ ಹೌದಾ?

ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಬೇಕು. ಇಸುಬಿಗೆ ಸರಿಯಾದ ಔಷಧ ಹುಳುಕಡ್ಡಿಗೆ ಬೆಂಕಿಗೆ ತುಪ್ಪ ಸುರಿದಂತೆ.

ಹುಳುಕಡ್ಡಿ ಉಂಗುರದಂತೆ ಹರಡುತ್ತದೆ: ಅಂಚು ಉಬ್ಬಿ ಪೊರೆ ಏಳುತ್ತದೆ, ನಡುಭಾಗ ತಿಳಿಯಾಗುತ್ತಾ ಬರುತ್ತದೆ. ತೊಡೆಸಂದು, ಸೊಂಟದ ಬಳಿ ಬೆಲ್ಟ್ ಅಥವಾ ಸೀರೆಯ ಗಂಟು ಕೂರುವ ಜಾಗದಲ್ಲಿ ಹೆಚ್ಚು. ಅದು ಶಿಲೀಂಧ್ರದ ಸೋಂಕು. ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಉಂಗುರದ ಆಕಾರ ಅಳಿಸಿಹೋಗುತ್ತದೆ, ಒಳಗೊಳಗೇ ಹರಡುತ್ತದೆ. ಆಮೇಲೆ ಅನುಭವಿ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ತುರಿಕಜ್ಜಿಯಾದರೆ ರಾತ್ರಿ ತುರಿಕೆ ಜೋರು. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿರುತ್ತಾರೆ. ಅದಕ್ಕೆ ಪರ್ಮೆಥ್ರಿನ್ 5% ಕ್ರೀಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಂಡು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಒಬ್ಬರಿಗೇ ಹಚ್ಚಿದರೆ ಸುತ್ತಿ ಬರುತ್ತದೆ. ಮೊಣಕೈ, ಮಂಡಿಯ ಹೊರಮೈಯಲ್ಲಿ ದಪ್ಪ ಬೆಳ್ಳಿಪೊರೆ ಕಂಡರೆ ಸೋರಿಯಾಸಿಸ್ ಇರಬಹುದು.

ಇಸುಬಿಗೆ ವಯಸ್ಸಿಗೊಂದು ಜಾಗ. ಹಸುಗೂಸಿಗೆ ಕೆನ್ನೆ ಮತ್ತು ಕೈಕಾಲಿನ ಹೊರಮೈ. ಡಯಾಪರ್ ಕಟ್ಟುವ ಜಾಗ ಬಹುತೇಕ ತಪ್ಪಿಸಿಕೊಂಡಿರುತ್ತದೆ. ಎರಡು ವರ್ಷದ ಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ. ದೊಡ್ಡವರಿಗೆ ಕೈ, ಕಣ್ಣುರೆಪ್ಪೆ, ಕುತ್ತಿಗೆ. ಅಂತರ್ಜಾಲದ ಚಿತ್ರಗಳಲ್ಲಿ ಎಲ್ಲ ಕೆಂಪಗೆ ಕಾಣುತ್ತದೆ. ನಮ್ಮ ಮೈಬಣ್ಣಕ್ಕೆ ಅದು ಕಂದು, ನೇರಳೆಗಪ್ಪು ಅಥವಾ ಬೂದಿ ಬಣ್ಣದಲ್ಲಿ ಕಾಣುತ್ತದೆ, ಕೆರೆದು ಕೆರೆದು ಚರ್ಮ ಎಮ್ಮೆಯ ಚರ್ಮದಂತೆ ದಪ್ಪಗಾಗುತ್ತದೆ. ಮಕ್ಕಳ ಕೆನ್ನೆಯ ಮೇಲೆ ಮಸುಕು ಬಿಳಿ ಮಚ್ಚೆ ಬಂದರೆ ‘ಕ್ಯಾಲ್ಸಿಯಂ ಕಮ್ಮಿ’, ‘ಹೊಟ್ಟೆಹುಳ’ ಎಂದು ಸಿರಪ್ ಕುಡಿಸುವುದುಂಟು. ಬಹುಪಾಲು ಅದು ಒಣಚರ್ಮದ ಸೌಮ್ಯ ಇಸುಬೇ. ಮಾಯಿಶ್ಚರೈಸರ್ ಹಚ್ಚಿದರೆ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ.

ಕರ್ನಾಟಕದಲ್ಲಿ ನೆನಪಿಡಬೇಕಾದ ಇನ್ನೊಂದು ಇದೆ: ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ನಲವತ್ತು ದಾಟಿದ, ಮೊದಲೆಂದೂ ಇಸುಬು ಇರದ ರೈತರಿಗೋ ಬೆಳಗ್ಗೆ ವಾಕಿಂಗ್ ಹೋಗುವವರಿಗೋ ಇದ್ದಕ್ಕಿದ್ದಂತೆ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಶುರುವಾಗಿ ಮಳೆಗಾಲದಲ್ಲಿ ಗಿಡ ಹೂ ಬಿಟ್ಟಾಗ ಜೋರಾದರೆ ಗಾಳಿಯಲ್ಲಿ ಬರುವ ಅದರ ಕಣಗಳೇ ಕಾರಣ ಎಂದು ಶಂಕಿಸಿ. ಯಾವ ಕ್ರೀಮು ಹಚ್ಚಿದರೂ ಮತ್ತೆ ಮತ್ತೆ ಬರುತ್ತದೆ. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ, ಒಣಗಿದ್ದನ್ನು ಸುಡಲೂ ಬೇಡಿ.

ಸೋಪಿನ ಲೆಕ್ಕ

ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಪಿಎಚ್ ಸುಮಾರು 5. ಮಾಮೂಲಿ ಸೋಪಿನದು 9ರಿಂದ 10. ಇಸುಬಿನ ಚರ್ಮಕ್ಕೆ ಆ ಕ್ಷಾರ ತಾಗಿದರೆ ಇರುವ ಎಣ್ಣೆಯಂಶವೂ ಕಿತ್ತುಬರುತ್ತದೆ. ಬೇವು, ತುಳಸಿ, ಗ್ಲಿಸರಿನ್, ಆಡಿನ ಹಾಲು ಏನೇ ಬೆರೆಸಿದ್ದರೂ ತಳಪಾಯ ಸೋಪೇ ಆಗಿದ್ದರೆ ಈ ಗುಣ ಬದಲಾಗುವುದಿಲ್ಲ. ‘ಟಿಎಫ್‌ಎಂ 76% ಇದೆ, ಗ್ರೇಡ್ 1 ಸೋಪು’ ಎಂದು ಕೊಳ್ಳುವವರಿದ್ದಾರೆ. ಟಿಎಫ್‌ಎಂ ಹೇಳುವುದು ಕೊಬ್ಬಿನಾಮ್ಲದ ಪ್ರಮಾಣವನ್ನು, ಪಿಎಚ್ ಅನ್ನಲ್ಲ. ಗ್ರೇಡ್ 1 ಸೋಪೂ ಕ್ಷಾರವೇ.

ಬೇಕಾದ್ದು ಸಿಂಡೆಟ್ ಬಾರ್ (ಸೋಪಿನ ಬದಲು ಸೌಮ್ಯ ಮಾರ್ಜಕದಿಂದ ಮಾಡಿದ್ದು) ಅಥವಾ ನೊರೆ ಕಡಿಮೆ ಬರುವ ಕ್ಲೆನ್ಸಿಂಗ್ ಲೋಷನ್. ಗುರುತಿಸುವುದು ಸುಲಭ: ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರು ಸೋಡಿಯಂ ಪಾಮೇಟ್ ಅಥವಾ ಸೋಡಿಯಂ ಪಾಮ್ ಕರ್ನಲೇಟ್ ಇದ್ದರೆ ಸೋಪು; ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್ ಇದ್ದರೆ ಸಿಂಡೆಟ್. ಬಾರ್ ದುಬಾರಿ ಅನಿಸಿದರೆ ಇನ್ನೊಂದು ದಾರಿ ಇದೆ, ದುಡ್ಡೂ ಉಳಿಯುತ್ತದೆ: ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೋಪು; ಉಳಿದ ಮೈಗೆ ಬರೀ ನೀರು.

ಕಡಲೆಹಿಟ್ಟು ಸೋಪಿಗಿಂತ ಮೃದು, ಆದರೆ ಅದನ್ನು ತಿಕ್ಕಿ ತೆಗೆಯುವಾಗ ತರಿ ಉಜ್ಜುತ್ತದೆ. ಬಿರುಕು ಬಿಟ್ಟ ಚರ್ಮಕ್ಕೆ ಬೇಡ. ಸೀಗೆಪುಡಿ ಎಣ್ಣೆ ಜಿಡ್ಡನ್ನು ಪೂರ್ತಿ ಕಿತ್ತೊಯ್ಯುತ್ತದೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ತಲೆಗಿರಲಿ, ಮೈಗೆ ಬೇಡ. ಹೀರೇಕಾಯಿ ನಾರು, ಕಲ್ಲು, ಬ್ರಷ್ ಮೂರನ್ನೂ ಬಾತ್‌ರೂಮಿನಿಂದ ಹೊರಗಿಡಿ. ಹಂಡೆಯ ಸುಡುನೀರು ಸುರಿದುಕೊಂಡರೆ ತುರಿಕೆಗೆ ಆ ಕ್ಷಣ ಹಾಯೆನಿಸುತ್ತದೆ, ಅರ್ಧ ಗಂಟೆಯಲ್ಲಿ ಎರಡರಷ್ಟಾಗಿ ಮರಳುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ.

ನೀರಿಗೆ ಬೆರೆಸುವ ಇಸುಬಿನ ‘ಬಾತ್ ಆಯಿಲ್’ ಕೊಳ್ಳುವುದೋ ಬೇಡವೋ? ಬೇಡ. 482 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಬಾತ್‌ರೂಮ್ ನೆಲ ಜಾರುವುದಂತೂ ಖಂಡಿತ.

ಮಾಯಿಶ್ಚರೈಸರ್: ಲೋಷನ್, ಕ್ರೀಮ್, ಆಯಿಂಟ್‌ಮೆಂಟ್, ಕೊಬ್ಬರಿ ಎಣ್ಣೆ

ಈ ನಾಲ್ಕರ ವ್ಯತ್ಯಾಸ ನೀರಿನದು. ಲೋಷನ್ನಿನಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಹರಡುವುದು ಸುಲಭ, ಆರುವುದೂ ಬೇಗ. ಕ್ರೀಮು ನಡುವಿನದು. ವ್ಯಾಸಲೀನ್‌ನಂಥ ಆಯಿಂಟ್‌ಮೆಂಟಿನಲ್ಲಿ ನೀರೇ ಇಲ್ಲ; ಜಿಡ್ಡು ಜಿಡ್ಡು, ಆದರೆ ಗಂಟೆಗಟ್ಟಲೆ ನಿಲ್ಲುತ್ತದೆ. ನೀರಿದ್ದಲ್ಲಿ ಕೆಡದಂತೆ ಪ್ರಿಸರ್ವೇಟಿವ್ ಹಾಕಲೇಬೇಕು. ಬಿರುಕು ಬಿಟ್ಟ ಚರ್ಮಕ್ಕೆ ಲೋಷನ್ ಹಚ್ಚಿದಾಗ ಮಗು ಕಿರುಚುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಅಂಥ ದಿನಗಳಲ್ಲಿ ಒಂದು ವಾರ ಬಿಳಿ ಪೆಟ್ರೋಲಿಯಂ ಜೆಲ್ಲಿಗೆ ಬದಲಾಯಿಸಿ, ಬಿರುಕು ಕೂಡಿದ ಮೇಲೆ ಕ್ರೀಮಿಗೆ ಮರಳಬಹುದು.

ಹಾಗಾದರೆ ಯಾವುದು ಮೇಲು? ಇದನ್ನೇ ಪರೀಕ್ಷಿಸಲು ಬ್ರಿಟನ್ನಿನಲ್ಲಿ 550 ಮಕ್ಕಳನ್ನು ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ಎಂದು ನಾಲ್ಕು ಗುಂಪು ಮಾಡಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಇಸುಬು ಹತೋಟಿಗೆ ಬರುವುದರಲ್ಲಿ ನಾಲ್ಕರ ನಡುವೆ ಗಮನಿಸುವಂಥ ವ್ಯತ್ಯಾಸವಿಲ್ಲ. ಅಂದರೆ ಮಗು ಹಚ್ಚಿಸಿಕೊಳ್ಳಲು ಒಪ್ಪುವ, ದಿನಕ್ಕೆರಡು ಸಲ ಹಚ್ಚಲು ನಿಮಗೆ ಬೇಸರ ಬರದ, ತಿಂಗಳ ಬಜೆಟ್ಟಿಗೆ ಹೊಂದುವ ಯಾವುದೇ ಆಗಲಿ. ನಮ್ಮ ಪ್ರಕಾರ ಊರು, ಕಾಲ ನೋಡಿ ಆರಿಸುವುದು ಸರಿ: ಬೆಂಗಳೂರಿನ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆಗೆ, ಕಲಬುರಗಿ-ರಾಯಚೂರಿನ ಒಣಬಿಸಿಲಿಗೆ ರಾತ್ರಿ ಆಯಿಂಟ್‌ಮೆಂಟ್, ಹಗಲು ಕ್ರೀಮ್. ಮಂಗಳೂರು-ಕಾರವಾರದ ಬೆವರಿಗೆ ಆಯಿಂಟ್‌ಮೆಂಟ್ ಬಳಿದರೆ ಕೂದಲ ಬುಡದಲ್ಲಿ ಕೀವುಗುಳ್ಳೆ ಏಳಬಹುದು. ಅಲ್ಲಿ ಲೋಷನ್ ಅಥವಾ ತೆಳು ಕ್ರೀಮೇ ಸಾಕು.

ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆ ನೋಡಬೇಡಿ. ಬೆಲೆಯನ್ನು ಗ್ರಾಮಿನಿಂದ ಭಾಗಿಸಿ. ಇದು ಯಾಕೆ ಮುಖ್ಯವೆಂದರೆ, ಇಸುಬಿರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಕೊಡಬೇಕೆನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ತಿಂಗಳಿಗಲ್ಲ, ವಾರಕ್ಕೆ. ಅಲ್ಲಲ್ಲಿ ಮಾತ್ರ ಕಾಣುವ ಸೌಮ್ಯ ಇಸುಬಿಗೆ ಅದರ ಅರ್ಧವೂ ಸಾಕಾದೀತು. ಆದರೂ 50 ಮಿಲಿ ಟ್ಯೂಬು ಎರಡು ತಿಂಗಳು ಬಂತೆಂದರೆ ನೀವು ಹಚ್ಚಿದ್ದು ಮಾಯಿಶ್ಚರೈಸರ್ ಅಲ್ಲ, ಅದರ ಪರಿಮಳ. ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಕೊಬ್ಬಿನಂಶ) ಬೆರೆಸಿದ ದುಬಾರಿ ಕ್ರೀಮನ್ನು ಜುಗ್ಗತನದಿಂದ ಹಚ್ಚುವ ಬದಲು ಅಗ್ಗದ ಪರಿಮಳರಹಿತ ಕ್ರೀಮನ್ನು ಅಂಗೈತುಂಬ ಹಚ್ಚಿದರೆ ಚರ್ಮಕ್ಕೆ ಲಾಭ.

ಹಚ್ಚುವ ಕ್ರಮ ಹೀಗೆ. ಮೈ ಒರೆಸುವಾಗ ಟವೆಲಿನಿಂದ ಉಜ್ಜದೆ ಒತ್ತಿ ತೇವ ಹೀರಿಸಿ, ಪೂರ್ತಿ ಒಣಗಿಸಬೇಡಿ. ಮೂರು ನಿಮಿಷದೊಳಗೆ ಅಲ್ಲಲ್ಲಿ ಚುಕ್ಕೆಯಿಟ್ಟು, ಕೂದಲು ಬೆಳೆಯುವ ದಿಕ್ಕಿನಲ್ಲೇ ಮೇಲಿಂದ ಕೆಳಗೆ ಸವರಿ, ಗಸಗಸ ತಿಕ್ಕಬೇಡಿ. ಹಚ್ಚಿದ ಮೇಲೆ ಚರ್ಮ ತುಸು ಹೊಳೆಯುತ್ತಿರಬೇಕು. ಡಬ್ಬಿಯಾದರೆ ಒಣ ಚಮಚದಲ್ಲಿ ತೆಗೆದುಕೊಳ್ಳಿ. ಕೆರೆದ ಬೆರಳನ್ನೇ ಡಬ್ಬಿಗೆ ಅದ್ದಿದರೆ ಇಸುಬಿನ ಚರ್ಮದ ಮೇಲೆ ಠಿಕಾಣಿ ಹೂಡಿರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಡಬ್ಬಿಯಲ್ಲೂ ಮನೆ ಮಾಡುತ್ತದೆ.

ಇನ್ನು ಕೊಬ್ಬರಿ ಎಣ್ಣೆ. ಅಜ್ಜಿಯರ ಮಾತು ಇಲ್ಲಿ ಪೂರ್ತಿ ಸುಳ್ಳಲ್ಲ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸಿ ಕಾಯಿಹಾಲಿನಿಂದ ತೆಗೆಯುವ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ಸೌಮ್ಯ ಇಸುಬಿಗೆ, ಸ್ನಾನದ ನಂತರ ಒದ್ದೆ ಮೈಗೆ ಹಚ್ಚಲು ಅಡ್ಡಿಯಿಲ್ಲ. ಆದರೆ ಸ್ನಾನಕ್ಕೆ ಮುಂಚೆ ಹಚ್ಚಿ, ಆಮೇಲೆ ಸೋಪಿನಲ್ಲಿ ತೊಳೆದುಬಿಟ್ಟರೆ ಏನೂ ಉಳಿಯದು. ಸುವಾಸನೆ ಬೆರೆಸಿದ ತಲೆಗೂದಲಿನ ಎಣ್ಣೆ ಬೇರೆ, ಇದು ಬೇರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಚಳಿಗಾಲದಲ್ಲಿ ಅಂಗೈಯಲ್ಲಿ ಕರಗಿಸಿಕೊಳ್ಳಬೇಕು. ಆಲಿವ್ ಎಣ್ಣೆ ಹೆಸರಿಗೆ ಶ್ರೀಮಂತ, ಕೆಲಸಕ್ಕೆ ಬಾರದ್ದು: ಚರ್ಮದ ತಡೆಯನ್ನು ಅದು ಇನ್ನಷ್ಟು ಸಡಿಲಿಸುತ್ತದೆ. ಸಾಸಿವೆ ಎಣ್ಣೆ ಉರಿ ತರಿಸುತ್ತದೆ. ಬೇವಿನೆಣ್ಣೆ, ಅರಿಶಿನದ ಲೇಪ ಕೆಲವರಿಗೆ ಅಲರ್ಜಿ ತರುವುದುಂಟು. ಕ್ಯಾಲಮೈನ್ ಒಣಗಿಸುವ ಮದ್ದು. ಸೊಳ್ಳೆ ಕಚ್ಚಿದ್ದಕ್ಕೆ, ಬೆವರುಸಾಲೆಗೆ ಸರಿ. ಒಣ ಇಸುಬಿಗೆ ತದ್ವಿರುದ್ಧ.

10% ಯೂರಿಯಾ ಇರುವ ಕ್ರೀಮು ದಪ್ಪಗಟ್ಟಿದ ದೊಡ್ಡವರ ಚರ್ಮಕ್ಕೆ, ಹಿಮ್ಮಡಿಗೆ ಚೆನ್ನ. ಮಕ್ಕಳಿಗೆ ಚುರುಗುಟ್ಟುತ್ತದೆ.

ಬೆಂಕಿಯ ವಿಷಯ ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ. ಮಾಯಿಶ್ಚರೈಸರ್ ದಿನವೂ ಹೀರಿಕೊಂಡ ಬಟ್ಟೆ, ಹಾಸಿಗೆ, ಬ್ಯಾಂಡೇಜು ಸಾದಾ ಬಟ್ಟೆಗಿಂತ ಬಹಳ ಬೇಗ ಹೊತ್ತಿಕೊಳ್ಳುತ್ತವೆ. ಪ್ಯಾರಾಫಿನ್ ಇಲ್ಲದವಕ್ಕೂ ಇದು ಅನ್ವಯ ಎಂದು 2018ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ತೊಳೆದರೂ ಬಟ್ಟೆಯಿಂದ ಅದು ಪೂರ್ತಿ ಹೋಗುವುದಿಲ್ಲ. ಮೈತುಂಬ ವ್ಯಾಸಲೀನ್ ಹಚ್ಚಿಕೊಂಡು ದೇವರ ದೀಪ ಹಚ್ಚುವಾಗ, ಗ್ಯಾಸ್ ಒಲೆಯ ಮುಂದೆ ನಿಂತಾಗ ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ.

ಸ್ಟೀರಾಯ್ಡ್ ಟ್ಯೂಬು: ಶಕ್ತಿ, ಜಾಗ, ಅಳತೆ

ಟ್ಯೂಬಿನ ಮೇಲಿನ ಶೇಕಡಾ ಅಂಕಿಯಿಂದ ಶಕ್ತಿ ಅಳೆಯಬೇಡಿ. ಹೈಡ್ರೋಕಾರ್ಟಿಸೋನ್ 1% ಎಲ್ಲಕ್ಕಿಂತ ಸೌಮ್ಯ, ಕ್ಲೋಬೆಟಾಸಾಲ್ 0.05% ಎಲ್ಲಕ್ಕಿಂತ ಪ್ರಬಲ. ಶಕ್ತಿ ಇರುವುದು ಹೆಸರಿನಲ್ಲಿ. ಸೌಮ್ಯ ಸಾಲಿನಲ್ಲಿ ಹೈಡ್ರೋಕಾರ್ಟಿಸೋನ್, ಡೆಸೊನೈಡ್. ಅದರ ಮೇಲಿನ ಸಾಲಿನಲ್ಲಿ ಫ್ಲೂಟಿಕಾಸೋನ್, ಮೊಮೆಟಾಸೋನ್, ಬೀಟಾಮೆಥಾಸೋನ್ ವ್ಯಾಲರೇಟ್. ತುದಿಯಲ್ಲಿ ಕ್ಲೋಬೆಟಾಸಾಲ್, ಹ್ಯಾಲೊಬೆಟಾಸಾಲ್.

ಮುಖ, ಕುತ್ತಿಗೆ, ಕಂಕುಳು, ತೊಡೆಸಂದಿನ ಚರ್ಮ ತೆಳು. ಔಷಧ ಬೇಗ ಒಳಗಿಳಿಯುತ್ತದೆ. ಅಲ್ಲಿಗೆ ಸೌಮ್ಯ ಸಾಲಿನದೇ, ಐದರಿಂದ ಏಳು ದಿನ. ಕೈಕಾಲು, ಬೆನ್ನಿಗೆ ನಡುಸಾಲಿನದು, ಏಳರಿಂದ ಹದಿನಾಲ್ಕು ದಿನ. ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಹೈಡ್ರೋಕಾರ್ಟಿಸೋನ್ ಹಚ್ಚಿ ‘ಏನೂ ಆಗಲಿಲ್ಲ’ ಎನ್ನುವುದು ಸಹಜ. ಅಲ್ಲಿ ದೊಡ್ಡವರಿಗೆ ಕ್ಲೋಬೆಟಾಸಾಲ್ ಬೇಕಾಗಬಹುದು. ಎರಡು ವಾರಕ್ಕಿಂತ ಹೆಚ್ಚು ಸತತವಾಗಿ ಅಲ್ಲ, ವಾರಕ್ಕೆ 50 ಗ್ರಾಮಿಗಿಂತ ಹೆಚ್ಚೂ ಅಲ್ಲ. ಯಾವ ಜಾಗಕ್ಕೆ ಯಾವುದು ಎಂಬುದನ್ನು ವೈದ್ಯರು ಚೀಟಿಯಲ್ಲಿ ಬರೆದರೂ ಮನೆಗೆ ಬಂದ ಮೇಲೆ ಟ್ಯೂಬುಗಳು ಕಲಸಿಹೋಗುತ್ತವೆ. ಟ್ಯೂಬಿನ ಮೇಲೇ ಪೆನ್ನಿನಲ್ಲಿ ‘ಮುಖ’, ‘ಕಾಲು’ ಎಂದು ಬರೆದಿಡಿ.

ಅಳತೆಗೆ ಬೆರಳೇ ಮಾಪನ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದೆಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದೊಡ್ಡವರ ಮುಖ-ಕುತ್ತಿಗೆಗೆ ಎರಡೂವರೆ ಎಳೆ, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು. ಒಂದೆರಡು ವರ್ಷದ ಮಗುವಿನ ಒಂದು ಕೈಗೆ ಒಂದೂವರೆ, ಒಂದು ಕಾಲಿಗೆ ಎರಡು. ಎಳೆ ಹಿಂಡುವುದು ದೊಡ್ಡವರ ಬೆರಳ ಮೇಲೆಯೇ, ಮಗುವಿನ ಬೆರಳ ಮೇಲಲ್ಲ. ಮಗುವಿನ ಎರಡು ಮೊಣಕೈ ಮಡಿಕೆ, ಎರಡು ಮಂಡಿ ಹಿಂಭಾಗ ಎಲ್ಲ ಸೇರಿ ಎರಡು ಅಂಗೈ ಜಾಗ ಎಂದಿಟ್ಟುಕೊಳ್ಳಿ: ದಿನಕ್ಕೆ ಅರ್ಧ ಗ್ರಾಂ, ಹತ್ತು ದಿನಕ್ಕೆ 5 ಗ್ರಾಂ. 15 ಗ್ರಾಂ ಟ್ಯೂಬು ಮೂರು ಸಲದ ಉಲ್ಬಣಕ್ಕೆ ಬರಬೇಕು. ಅದೇ ಟ್ಯೂಬು ಎರಡು ವರ್ಷವಾದರೂ ಮುಗಿದಿಲ್ಲವೆಂದರೆ ಹೆದರಿ ಹೆದರಿ ಹಚ್ಚುತ್ತಿದ್ದೀರಿ. ನಾಲ್ಕು ದಿನದಲ್ಲಿ ಮುಗಿದರೆ ಅದನ್ನು ಮಾಯಿಶ್ಚರೈಸರಿನಂತೆ ಬಳಸುತ್ತಿದ್ದೀರಿ.

ದಿನಕ್ಕೆ ಒಂದು ಸಲವೋ ಎರಡು ಸಲವೋ? ಪ್ರಬಲ ಸ್ಟೀರಾಯ್ಡುಗಳಲ್ಲಿ ಒಂದು ಸಲ ಹಚ್ಚುವುದೂ ಎರಡು ಸಲ ಹಚ್ಚುವುದೂ ಫಲದಲ್ಲಿ ಸಮ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ರಾತ್ರಿ ಒಂದು ಸಲ ಸಾಕು. ಮಾಯಿಶ್ಚರೈಸರಿಗೂ ಇದಕ್ಕೂ ನಡುವೆ ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡಿ.

ಬಹಳ ಮಂದಿ ಎಡವುವುದು ನಿಲ್ಲಿಸುವಾಗ. ಕಣ್ಣಿಗೆ ಕಾಣದಂತಾದ ಕೂಡಲೇ ನಿಲ್ಲಿಸುತ್ತಾರೆ. ಬೆರಳಿಂದ ಸವರಿ ನೋಡಿ: ಆ ಜಾಗ ಇನ್ನೂ ಒರಟಾಗಿದ್ದರೆ ಒಳಗೆ ಉರಿಯೂತ ಆರಿಲ್ಲ. ಸುತ್ತಲಿನ ಚರ್ಮದಷ್ಟೇ ನುಣುಪಾಗುವವರೆಗೆ ಹಚ್ಚಬೇಕು. ಉಳಿಯುವ ಕಪ್ಪುಕಲೆಗೆ ಮಾತ್ರ ಹಚ್ಚುತ್ತಾ ಹೋಗಬೇಡಿ; ಅದು ಇಸುಬು ಬಿಟ್ಟುಹೋದ ಗುರುತು, ಸ್ಟೀರಾಯ್ಡಿನಿಂದ ಬಂದದ್ದೂ ಅಲ್ಲ, ಸ್ಟೀರಾಯ್ಡಿನಿಂದ ಹೋಗುವುದೂ ಅಲ್ಲ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವವರಿಗೆ ‘ವಾರಾಂತ್ಯದ ಕ್ರಮ’ ಉಂಟು: ವಾಸಿಯಾದ ಮೇಲೂ ವಾರಕ್ಕೆರಡು ದಿನ, ಉದಾಹರಣೆಗೆ ಶನಿವಾರ-ಭಾನುವಾರ, ಆ ಜಾಗಕ್ಕೆ ಹಚ್ಚುವುದು. ಅದೇ ಕಾಕ್ರೇನ್ ವಿಮರ್ಶೆಯ ಲೆಕ್ಕದಲ್ಲಿ ಇದರಿಂದ ಮರುಕಳಿಸುವ ಪ್ರಮಾಣ 58%ರಿಂದ 25%ಕ್ಕೆ ಇಳಿಯಿತು. ಇದನ್ನು ವೈದ್ಯರನ್ನು ಕೇಳಿ ಶುರುಮಾಡಿ.

ಈಗ ಮೆಡಿಕಲ್ ಶಾಪಿನ ಆ ಟ್ಯೂಬಿಗೆ ಬರೋಣ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಆ್ಯಂಟಿಫಂಗಲ್ ಮೂರನ್ನೂ ಒಂದೇ ಟ್ಯೂಬಿಗೆ ತುಂಬಿದ ಮಿಶ್ರಣವದು; ‘ಏನೇ ಇದ್ದರೂ ಒಂದು ತಾಗುತ್ತದೆ’ ಎಂಬ ಲೆಕ್ಕ. ಅದರಲ್ಲಿ ಹೆಚ್ಚಾಗಿ ಇರುವುದು ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಿಗೆ ಚರ್ಮ ತೆಳುವಾಗಿ ರಕ್ತನಾಳ ಕಾಣುವುದು, ಮೊಡವೆ, ಕೂದಲು ಬೆಳೆಯುವುದು, ಬಿಟ್ಟರೆ ಬೆಂಕಿಯಂತೆ ಉರಿ ಬರುವುದು ಎಷ್ಟು ಸಾಮಾನ್ಯವಾಯಿತೆಂದರೆ ನಮ್ಮ ದೇಶದ ಚರ್ಮವೈದ್ಯರು ‘ಸ್ಟೀರಾಯ್ಡಿನಿಂದ ಹಾಳಾದ ಮುಖ’ ಎಂದೇ ಅದಕ್ಕೆ ಹೆಸರಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿಯಿಲ್ಲದೆ ಮಾರುವಂತಿಲ್ಲ. ಹೆಸರಿನ ಕೊನೆಯಲ್ಲಿ ‘ಸೋನ್’, ‘ಸಾಲ್’ ಕಂಡರೆ ಒಮ್ಮೆ ನಿಂತು ಓದಿ. ಹೆಸರೇ ಇಲ್ಲದ ಡಬ್ಬಿಯ ನಾಟಿ ಮುಲಾಮು ಎರಡೇ ದಿನದಲ್ಲಿ ಪವಾಡ ಮಾಡಿದರೆ ಅನುಮಾನಪಡಿ. ‘ಗಿಡಮೂಲಿಕೆ’ ಎಂದು ಮಾರಿದ ಲೇಪಗಳನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಪ್ರಬಲ ಸ್ಟೀರಾಯ್ಡ್ ಸಿಕ್ಕಿದ್ದುಂಟು.

ಸ್ಟೀರಾಯ್ಡೋ, ಟ್ಯಾಕ್ರೊಲಿಮಸ್ಸೋ?

ಟ್ಯಾಕ್ರೊಲಿಮಸ್ ಆಯಿಂಟ್‌ಮೆಂಟ್ ಕೂಡ ಉರಿಯೂತ ಆರಿಸುವ ಲೇಪವೇ, ಆದರೆ ಸ್ಟೀರಾಯ್ಡ್ ಅಲ್ಲ, ಚರ್ಮ ತೆಳುವಾಗಿಸುವುದಿಲ್ಲ. ಎರಡರಿಂದ ಹದಿನೈದು ವರ್ಷದವರಿಗೆ 0.03%, ಹದಿನಾರು ದಾಟಿದವರಿಗೆ 0.1%. ಕಣ್ಣುರೆಪ್ಪೆ, ಬಾಯಿಯ ಸುತ್ತ, ಕುತ್ತಿಗೆ, ಅಂದರೆ ಸ್ಟೀರಾಯ್ಡ್ ಬಹಳ ದಿನ ಹಚ್ಚಬಾರದ ಜಾಗಗಳಿಗೆ ಇದೇ ಮೇಲು. ಕಾಲಿನ ದಪ್ಪ ಮಚ್ಚೆಗೆ, ಈಗಷ್ಟೇ ಕೆರಳಿದ ಇಸುಬಿಗೆ ಸ್ಟೀರಾಯ್ಡೇ ಬೇಗ, ಅಗ್ಗ.

ಇದರ ತೊಡಕು ಉರಿ. ಮೊದಲ ಮೂರ್ನಾಲ್ಕು ದಿನ ಮೆಣಸಿನಕಾಯಿ ಮುಟ್ಟಿದ ಕೈ ತಾಗಿದಂತಾಗುತ್ತದೆ. ಅಲರ್ಜಿಯಾಯಿತೆಂದು ಹಲವರು ಅಲ್ಲಿಗೇ ಬಿಡುತ್ತಾರೆ. ಮೊದಲು ನಾಲ್ಕೈದು ದಿನ ಸೌಮ್ಯ ಸ್ಟೀರಾಯ್ಡ್ ಹಚ್ಚಿ ಕೆರಳಿದ್ದು ತಣಿದ ಮೇಲೆ ಇದಕ್ಕೆ ಬದಲಾಯಿಸಿದರೆ, ಸ್ನಾನವಾಗಿ ಮೈ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಉರಿ ಕಡಿಮೆ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಪೆಟ್ಟಿಗೆಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಿಸಿತು. ಒಳಗಿನ ಚೀಟಿ ಓದಿ ಗಾಬರಿಯಾಗುವವರಿಗೆ ಇದನ್ನೂ ಹೇಳಬೇಕು: ಸುಮಾರು 8,000 ಮಕ್ಕಳನ್ನು ಹತ್ತು ವರ್ಷದವರೆಗೂ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿರೀಕ್ಷೆಗಿಂತ ಹೆಚ್ಚು ಕ್ಯಾನ್ಸರ್ ಕಾಣಲಿಲ್ಲ.

ನೀರು, ಊಟ, ಬಟ್ಟೆ

ಬೋರ್‌ವೆಲ್ ನೀರಿನ ಮನೆಗೆ ಬಂದ ಮೇಲೆ ಇಸುಬು ಜಾಸ್ತಿಯಾಯಿತು ಎಂಬುದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲಿ ಮಾತು. ಗಡಸು ನೀರಿಗೂ ಇಸುಬಿಗೂ ನಂಟಿರುವುದು ನಿಜ. ಸೋಪು ಸರಿಯಾಗಿ ತೊಳೆದುಹೋಗದೆ ಮೈಮೇಲೆ ಪೊರೆಯಾಗಿ ಉಳಿಯುತ್ತದೆ. ಆದರೆ 336 ಮಕ್ಕಳ ಮನೆಗಳಲ್ಲಿ ಅರ್ಧದಷ್ಟಕ್ಕೆ ಸಾಫ್ಟನರ್ ಕೂರಿಸಿ ಹನ್ನೆರಡು ವಾರ ನೋಡಿದ, 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಇಸುಬು ಕಡಿಮೆಯಾಗಲಿಲ್ಲ. ಶವರಿಗೆ ಸಿಕ್ಕಿಸುವ ಪುಟ್ಟ ಫಿಲ್ಟರಂತೂ ಗಡಸುತನ ತೆಗೆಯುವ ತಾಕತ್ತಿನದೇ ಅಲ್ಲ. ಪೈಪಿಗೆ, ಗೀಸರಿಗೆ ಒಳ್ಳೆಯದೆಂದು ಸಾಫ್ಟನರ್ ಹಾಕಿಸಿ, ಇಸುಬಿಗಾಗಿ ಬೇಡ. ಆ ದುಡ್ಡಿಗೆ ವರ್ಷದ ಮಾಯಿಶ್ಚರೈಸರ್ ಬರುತ್ತದೆ. ರೇಷ್ಮೆಯ ‘ಚಿಕಿತ್ಸಕ’ ಒಳಉಡುಪುಗಳಿಗೂ 2017ರಲ್ಲಿ ಇದೇ ತೀರ್ಪು ಬಂತು. ಸಡಿಲ ಹತ್ತಿ ಬಟ್ಟೆ, ಕತ್ತಿನ ಲೇಬಲ್ ಕತ್ತರಿಸುವುದು, ಬಟ್ಟೆಯನ್ನು ಇನ್ನೊಂದು ಸಲ ಜಾಲಾಡುವುದು ಸಾಕು.

‘ನಂಜು’ ಎಂದು ಬದನೆಕಾಯಿ, ಕಡಲೆಕಾಯಿ, ಮೊಟ್ಟೆ, ಮೀನು, ಹಾಲು ಎಲ್ಲ ಬಿಡಿಸಿ ಮಗುವನ್ನು ಸೊರಗಿಸಬೇಡಿ. ತಿಂದ ಎರಡು ಗಂಟೆಯೊಳಗೆ ಗಂಧೆ ಏಳುವುದು, ತುಟಿ ಊದುವುದು, ವಾಂತಿ ಆದರೆ ಆ ಒಂದು ಪದಾರ್ಥದ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ಕಾರಣವಿಲ್ಲದೆ ದೂರವಿಡುವುದು ತಿರುಗುಬಾಣವೂ ಆಗಬಹುದು. ಇಸುಬು ಜೋರಿದ್ದ ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಕೂಸುಗಳ ಮೇಲಿನ 2015ರ ಅಧ್ಯಯನದಲ್ಲಿ ಕಡಲೆಕಾಯಿಯನ್ನು ಬೇಗ ತಿನ್ನಿಸಿದವರಿಗಿಂತ ದೂರವಿಟ್ಟವರಲ್ಲೇ ಅದರ ಅಲರ್ಜಿ ಎಷ್ಟೋ ಪಟ್ಟು ಹೆಚ್ಚು ಕಂಡಿತು. ಅಂಥ ಕೂಸಿಗೆ ಮೊದಲ ತುತ್ತು ಕೊಡುವ ಮುಂಚೆ ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.

ಅಡುಗೆಮನೆಯ ಕೈ

ಪಾತ್ರೆ ತೊಳೆಯುವವರ ಕೈ ಇಸುಬಿಗೆ ಕ್ರೀಮಿಗಿಂತ ಗ್ಲೌಸ್ ಮುಖ್ಯ. ಒಳಗೆ ಹತ್ತಿಯದು, ಮೇಲೆ ವಿನೈಲ್ ಅಥವಾ ನೈಟ್ರೈಲ್. ರಬ್ಬರ್ ಗ್ಲೌಸೇ ಕೆಲವರಿಗೆ ಅಲರ್ಜಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಾಕಿದರೆ ಒಳಗಿನ ಬೆವರೇ ಕೆರಳಿಸುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಡೆದು ಸಿಪ್ಪೆ ಏಳುತ್ತಿದ್ದರೆ ಬೆಳ್ಳುಳ್ಳಿ ನೆನಪಿಸಿಕೊಳ್ಳಿ. ಬಲಗೈಯಲ್ಲಿ ಚಾಕು ಹಿಡಿದು ಎಡಗೈಯಲ್ಲಿ ಎಸಳು ಹಿಡಿಯುವವರಿಗೆ ಅದೇ ಮೂರು ಬೆರಳಿಗೆ ರಸ ತಾಗುತ್ತದೆ. ಎಡಚರಾದರೆ ಬಲಗೈ.

ಟ್ಯೂಬಿಗೆ ಬಗ್ಗದಾಗ

ಸರಿಯಾದ ಅಳತೆಯಲ್ಲಿ ನಾಲ್ಕು ವಾರ ಹಚ್ಚಿದರೂ ನಿದ್ದೆ ಕೆಡುತ್ತಿದ್ದರೆ ಮಾತ್ರೆ, ಇಂಜೆಕ್ಷನ್ನಿನ ಮಾತು ಬರುತ್ತದೆ. ನಿದ್ದೆ ಬರಿಸುವ ಅಲರ್ಜಿ ಮಾತ್ರೆ ನಿದ್ದೆಗಷ್ಟೇ. ಇಸುಬಿನ ತುರಿಕೆ ಮುಖ್ಯವಾಗಿ ಆ ಮಾತ್ರೆ ತಡೆಯುವ ಹಿಸ್ಟಮಿನ್ನಿನದಲ್ಲ. ಸ್ಟೀರಾಯ್ಡ್ ಮಾತ್ರೆ ನುಂಗಿದರೆ ವಾರದಲ್ಲಿ ಮಾಯ, ಬಿಟ್ಟರೆ ಮೊದಲಿಗಿಂತ ಜೋರಾಗಿ ವಾಪಸ್. ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ದೇಹದ ರೋಗನಿರೋಧಕ ವ್ಯವಸ್ಥೆಯ ಅಬ್ಬರ ತಗ್ಗಿಸುವ ಸೈಕ್ಲೊಸ್ಪೋರಿನ್ ಮತ್ತು ಮೆಥೊಟ್ರೆಕ್ಸೇಟನ್ನು 103 ಮಕ್ಕಳಲ್ಲಿ ಹೋಲಿಸಿದ 2023ರ ಅಧ್ಯಯನದಲ್ಲಿ ಮೊದಲನೆಯದು ಬೇಗ ಫಲ ಕೊಟ್ಟಿತು, ಎರಡನೆಯದರ ಫಲ ಔಷಧ ನಿಲ್ಲಿಸಿದ ಮೇಲೂ ಹೆಚ್ಚು ಕಾಲ ನಿಂತಿತು. ಮೊದಲನೆಯದಕ್ಕೆ ಬಿಪಿ, ಕಿಡ್ನಿ ಪರೀಕ್ಷೆ. ಎರಡನೆಯದಕ್ಕೆ ಲಿವರ್, ರಕ್ತಕಣಗಳ ಪರೀಕ್ಷೆ. ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ ನುಂಗುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಇಂಜೆಕ್ಷನ್ನಿಗೆ ಇಷ್ಟೊಂದು ರಕ್ತಪರೀಕ್ಷೆ ಬೇಡ, ಬೆಲೆಯೇ ಅದರ ತೊಡಕು.

ಜೇನುಬಣ್ಣದ ಹಕ್ಕಳೆ, ಕೀವು, ನೋವು ಕಂಡರೆ ಬ್ಯಾಕ್ಟೀರಿಯಾ ಸೋಂಕಾಗಿದೆ. ಒಂದೆರಡು ದಿನದಲ್ಲಿ ತೋರಿಸಿ. ಆದರೆ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ರಂಧ್ರ ಕೊರೆದಂಥ ಸಣ್ಣ ಹುಣ್ಣಾಗಿ, ಜ್ವರವೂ ಬಂದರೆ ಕಾಯಬೇಡಿ. ಇಸುಬಿನ ಮೇಲೆ ಹರ್ಪಿಸ್ ವೈರಸ್ ಹರಡಿರಬಹುದು. ಟ್ಯಾಕ್ರೊಲಿಮಸ್ ಹಚ್ಚುತ್ತಿದ್ದರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ, ಆ ವೈರಸ್ಸಿನ ಔಷಧವಾದ ಅಸೈಕ್ಲೋವಿರ್ ಬೇಗ ಶುರುವಾಗಬೇಕು. ಗುಳ್ಳೆ ಕಣ್ಣಿನ ಸುತ್ತ ಇದ್ದರೆ ಕಣ್ಣಿನ ಡಾಕ್ಟರೂ ಅದೇ ದಿನ ನೋಡಬೇಕು.